ಹಿಸ್ಸೆಗೆ ಬಾರದ ಉಗಿಬಂಡಿ

ಗದಗ–ಬೆಟಗೇರಿಯ ಹುಡುಗನಿಗೆ ಉಗಿಬಂಡಿಯನ್ನು ತೋರಿಸಲು ದೂರ ಕರೆದೊಯ್ಯಬೇಕಾಗಿರಲಿಲ್ಲ. 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹಳಿ ಹಾಸಿದಂದಿನಿಂದ ಆ ಊರಿನ ನಿದ್ದೆಯೂ ಎಚ್ಚರವೂ ಎಂಜಿನ್ನಿನ ಸಿಳ್ಳಿನ ಲೆಕ್ಕದಲ್ಲಿ ನಡೆದವು. ಪಶ್ಚಿಮಕ್ಕೆ ಹುಬ್ಬಳ್ಳಿ, ಪೂರ್ವಕ್ಕೆ ಹೊಸಪೇಟೆ–ಬಳ್ಳಾರಿ, ಉತ್ತರಕ್ಕೆ ಬಾಗಲಕೋಟೆ ವಿಜಾಪುರಗಳನ್ನು ಹಾಯ್ದು ಹೊಟಗಿ. ಹೀಗೆ ಮೂರು ದಿಕ್ಕಿನ ದಾರಿಗಳು ಬಂದು ಕೂಡಿದ ನಿಲ್ದಾಣವದು. ಆದರೆ ಗದಗಿನಿಂದ ದಕ್ಷಿಣಕ್ಕೆ ಮುಖ ಮಾಡಿದರೆ ಮಾತು ಬೇರೆ. ಶಿರಹಟ್ಟಿಗೆ ಹಳಿಯಿಲ್ಲ, ಮುಂಡರಗಿಗೆ ಹಳಿಯಿಲ್ಲ, ಲಕ್ಷ್ಮೇಶ್ವರದವರು ರೈಲು ಹಿಡಿಯಬೇಕಾದರೆ ಗುಡಗೇರಿಗೋ ಯಲವಿಗಿಗೋ ಹೋಗಬೇಕು. ಗದಗ–ಯಲವಿಗಿ ಹಳಿಯ ಬೇಡಿಕೆ ಅಜ್ಜನ ಕಾಲದ್ದು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದ ಕಾಲದಲ್ಲಿ ಆ ಊರುಗಳ ಮಕ್ಕಳು ಉಗಿಬಂಡಿಯನ್ನು ಮೊದಲು ಕಂಡದ್ದು ಎಷ್ಟೋ ಸಲ ಜಾತ್ರೆಯ ಅಂಗಡಿಯಲ್ಲಿ. ಫಕೀರೇಶ್ವರ ಮಠದ ಜಾತ್ರೆಯಿರಲಿ, ಮುಂಡರಗಿಯ ಅನ್ನದಾನೀಶ್ವರ ಮಠದ ಜಾತ್ರೆಯಿರಲಿ, ಬೆಂಡು ಬೆತ್ತಾಸಿನ ಪಕ್ಕದಲ್ಲಿ ತಗಡಿನದೋ ಕಟ್ಟಿಗೆಯದೋ ಒಂದು ರೈಲು ದಾರದ ತುದಿಗೆ ಕಟ್ಟಿಸಿಕೊಂಡು ನಿಂತಿರುತ್ತಿತ್ತು.

ಜಾತ್ರೆಯ ರೈಲಿಗೆ ಆಯುಷ್ಯ ಕಡಿಮೆ. ಮುಂದಿನ ಜಾತ್ರೆಯ ಹೊತ್ತಿಗೆ ಅದರ ಗಾಲಿ ಹೋಗಿ, ಹೊಗೆಗೂಡು ಹೋಗಿ, ಉಳಿದ ತಗಡು ಗುಜರಿಯವನ ತಕ್ಕಡಿಗೆ ಬೀಳುವುದು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬರುವ ಆಟದ ರೈಲು ಬೇರೆ ಜಾತಿಯದು. ಹತ್ತಿಯ ವ್ಯಾಪಾರಕ್ಕೆಂದು ಮುಂಬಯಿಗೆ ಹೋಗಿ ಬರುವವರು, ರೈಲ್ವೆಯ ದೊಡ್ಡ ನೌಕರಿಯವರು, ವಿಲಾಯತಿಯಲ್ಲಿ ಓದಿ ಬಂದವರು ಅದನ್ನು ತರುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಪರದೇಶದ ಆಟಿಕೆಗಳ ಆಮದಿಗೆ ಬಿಗಿಯಾದ ನಿರ್ಬಂಧ ಬಿದ್ದುದರಿಂದ, ಈ ಸೀಮೆಯ ಮನೆಯೊಂದರ ಅಟ್ಟದ ಮೇಲೆ ಅಂಥ ಪೆಟ್ಟಿಗೆಯೇನಾದರೂ ಇದ್ದರೆ ಅದು ಬಹುಮಟ್ಟಿಗೆ ಎರಡನೆಯ ಮಹಾಯುದ್ಧಕ್ಕೆ ಮುಂಚಿನದು, ಇಲ್ಲವೆ ಕಡಲಾಚೆಯ ನೆಂಟರು ತಂದುಕೊಟ್ಟದ್ದು.

ಇಂಥ ರೈಲು ವಂಶಪಾರಂಪರ್ಯವಾಗಿ ಬರುವಂತಾದುದಕ್ಕೆ ಒಂದು ಅಳತೆ ಕಾರಣವಾಯಿತೆಂದರೆ ಸೋಜಿಗವೆನಿಸೀತು. ಜರ್ಮನಿಯ ಗ್ಯೋಪಿಂಗೆನ್ ಎಂಬ ಊರಿನ ಮಾರ್ಕ್ಲಿನ್ ಮನೆತನದವರು 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಹಳಿಯ ಮೇಲೆ ಓಡುವ ಆಟದ ರೈಲೊಂದನ್ನು ಮಂಡಿಸಿದರು. ಅದರ ದೊಡ್ಡಸ್ತಿಕೆ ಓಟದಲ್ಲಿರಲಿಲ್ಲ; ಹಳಿಗಳ ನಡುವಣ ಅಗಲಕ್ಕೆ ಗೊತ್ತಾದ ಸಂಖ್ಯೆಗಳನ್ನು ಕೊಟ್ಟಿದ್ದುದರಲ್ಲಿ ಇದ್ದಿತು. ಅದಕ್ಕೆ ಮುಂಚಿನ ಆಟಿಕೆ ಕೊಂಡ ದಿನವೇ ಮುಗಿದುಹೋದ ವಸ್ತು. ಅಳತೆ ನಿಂತ ಮೇಲೆ ಈ ವರ್ಷ ಎಂಜಿನ್ನು, ಬರುವ ವರ್ಷ ಎರಡು ಡಬ್ಬಿ, ಅದರಾಚೆಯ ವರ್ಷ ಸೇತುವೆಯೆಂದು ಕೂಡಿಸುತ್ತ ಹೋಗಬಹುದಾಯಿತು. ಅಜ್ಜ ಕೊಂಡ ಹಳಿಯ ಮೇಲೆ ಮೊಮ್ಮಗನು ಕೊಂಡ ಡಬ್ಬಿ ಓಡಬಹುದಾಯಿತು. ವ್ಯಾಪಾರಿಯ ಜಾಣತನವೆಂದು ಇದನ್ನು ಹಗುರಾಗಿ ಕಾಣಬಹುದು. ಆದರೆ ಮೂರು ತಲೆಮಾರುಗಳನ್ನು ಒಂದೇ ಫರಸಿಯ ಮೇಲೆ ಕೂಡಿಸಿದ್ದು ಈ ಜಾಣತನವೇ.

ಇಂಗ್ಲೆಂಡಿನಲ್ಲಿ ಈ ಕೆಲಸವನ್ನು ಮನೆಮನೆಗೆ ಮುಟ್ಟಿಸಿದವನು ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ. ತೂತುಪಟ್ಟಿಗಳನ್ನು ತಿರುಪಿನಿಂದ ಬಿಗಿದು ಯಂತ್ರಗಳನ್ನು ಕಟ್ಟುವ ಆಟಕ್ಕೆ 1901ರಲ್ಲಿ ಅವನು ಹಕ್ಕುಪತ್ರ ಪಡೆದಿದ್ದನು. ಮುಂದೆ ಮೆಕ್ಯಾನೊ ಎಂದು ಜಗತ್ತಿಗೆಲ್ಲ ಪರಿಚಯವಾದದ್ದು ಅದೇ. 1920ರಲ್ಲಿ ಅವನ ಕಾರ್ಖಾನೆಯಿಂದ ಚಾವಿ ಕೊಟ್ಟು ಓಡಿಸುವ ರೈಲು ಹೊರಬಿದ್ದಿತು. ಅದರ ಹಳಿಯ ಅಗಲ 32 ಮಿಲಿಮೀಟರು. ಅವನು 1936ರಲ್ಲಿ ತೀರಿಕೊಂಡನು. ಎರಡು ವರ್ಷಗಳ ತರುವಾಯ ಅದರರ್ಧದಷ್ಟಗಲದ ಹಳಿಯ, 16.5 ಮಿಲಿಮೀಟರಿನ ‘ಡಬ್ಲೋ’ ರೈಲು ಬಂದಿತು. 1964ರಲ್ಲಿ ಆ ಸಂಸ್ಥೆ ಪರರ ಕೈಸೇರಿತು. 1979ರಲ್ಲಿ ಲಿವರ್‌ಪೂಲಿನ ಆ ಕಾರ್ಖಾನೆಯ ಬಾಗಿಲೇ ಮುಚ್ಚಿತು. ಹಾಗಾಗಿ ಮನೆಯಲ್ಲಿರುವ ಹಳೆಯ ಹಾರ್ನ್‌ಬಿ ರೈಲಿನ ಒಂದು ಗಾಲಿ ಕಳೆದರೆ ಅದನ್ನು ಮಾಡಿದವರಿಗೆ ಪತ್ರ ಬರೆದು ತರಿಸುವ ದಾರಿ ಉಳಿದಿಲ್ಲ. ಇದ್ದುದನ್ನು ಒಟ್ಟಾಗಿಟ್ಟುಕೊಳ್ಳುವುದೊಂದೇ ಉಪಾಯ.

ಆದರೆ ಒಟ್ಟಾಗಿಡುವುದೇ ಕಠಿಣ. ಗದಗಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬೇಕು. ತಂದೆ ತೀರಿಕೊಂಡು ವರ್ಷಾಂತಕವೂ ಮುಗಿದಿದೆ. ಹಿರಿಯ ಮಗ ಪೇಟೆಯ ಅಂಗಡಿಯೊಡನೆ ಹಳೆಯ ಮನೆಯಲ್ಲಿಯೇ ನಿಂತಿದ್ದಾನೆ. ನಡುವಿನವನು ಲಕ್ಷ್ಮೇಶ್ವರದಲ್ಲಿ ಮಾಸ್ತರಿಕೆ ಮಾಡುತ್ತಾನೆ. ಕಿರಿಯವನಿಗೆ ಶಿರಹಟ್ಟಿಯ ಕಡೆಗೆ ಹೊಲ. ಮಗಳನ್ನು ಮುಂಡರಗಿಗೆ ಕೊಟ್ಟಿದೆ. ವಾಟಣಿಗೆಂದು ಎಲ್ಲರೂ ಕೂಡುತ್ತಾರೆ; ಪಂಚರು ಬರುತ್ತಾರೆ. ಹೊಲ ಮನೆಗಳ ವಿಚಾರ ಕಾಗದಪತ್ರದಿಂದ ಹೇಗೋ ಮುಗಿಯುತ್ತದೆ. ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ತೂಗುಮಂಚಗಳಿಗೆ ತುಸು ಗದ್ದಲವಾಗುತ್ತದೆ. ಕಟ್ಟಕಡೆಗೆ ಅಟ್ಟದಿಂದ ಒಂದು ಟ್ರಂಕು ಇಳಿಯುತ್ತದೆ. ಮುಚ್ಚಳ ತೆರೆದ ಗಳಿಗೆಯಲ್ಲಿ ಐವತ್ತು ದಾಟಿದ ಗಂಡಸರು ಮೂವರೂ ಒಮ್ಮೆಲೇ ಕೆಳಗೆ ಕುಳಿತುಬಿಡುತ್ತಾರೆ.

“ಅಣ್ಣಾ, ಎಂಜಿನ್ನು ನಾ ಒಯ್ತೀನಿ. ಅಪ್ಪ ನನಗs ಅಂತ ಹೇಳಿದ್ದ.”

“ಎಂಜಿನ್ನು ಒಯ್ಯಪ್ಪ, ಯಾರು ಬ್ಯಾಡಂದ್ರು? ಹಳಿ ಇಲ್ಲೇ ಇರ್ತಾವು.”

ಸಿಟ್ಟಿನಿಂದ ಆಡಿದ ಮಾತಲ್ಲ. ಆದರೂ ಸಂಜೆಯ ಹೊತ್ತಿಗೆ ಎಂಜಿನ್ನು ಲಕ್ಷ್ಮೇಶ್ವರದ ಚೀಲದಲ್ಲಿಯೂ, ಡಬ್ಬಿಗಳು ಶಿರಹಟ್ಟಿಯ ಚೀಲದಲ್ಲಿಯೂ, ಹಳಿಗಳು ಗದಗಿನ ಟ್ರಂಕಿನಲ್ಲಿಯೂ ಇರುತ್ತವೆ. ಚಾವಿ ಯಾರ ಬಳಿ ಹೋಯಿತೆಂಬುದು ಯಾರಿಗೂ ನೆನಪಿರುವುದಿಲ್ಲ. ಚಹದ ಕಪ್ಪುಗಳನ್ನು ಒಳಗೆ ಒಯ್ಯುತ್ತಿರುವ ಅಕ್ಕನನ್ನು ಯಾರೂ ಕೇಳಿರುವುದಿಲ್ಲ. ಚಿಕ್ಕಂದಿನಲ್ಲಿಯೂ ಅವಳಿಗೆ ಸಿಕ್ಕಿದ್ದು ನಿಲ್ದಾಣದ ಮಾಸ್ತರಿಕೆ ಮಾತ್ರ: ತಮ್ಮಂದಿರು ಬಂಡಿ ಓಡಿಸುವಾಗ ಹಸಿರು ಬಟ್ಟೆ ಬೀಸುವುದು, ಬಿದ್ದ ಡಬ್ಬಿಯನ್ನು ಎತ್ತಿ ಹಳಿಗೆ ಇಡುವುದು. 1994ರಲ್ಲಿ ಕರ್ನಾಟಕದ ತಿದ್ದುಪಡಿಯೂ 2005ರಲ್ಲಿ ದೇಶದ ತಿದ್ದುಪಡಿಯೂ ಪಿತ್ರಾರ್ಜಿತದಲ್ಲಿ ಮಗಳನ್ನು ಮಗನಿಗೆ ಸಮನಾಗಿ ನಿಲ್ಲಿಸಿದವು. ಹೊಲದ ವಿಷಯದಲ್ಲಿ ಅದನ್ನು ಬಲ್ಲವರು ಕೂಡ ಆಟದ ರೈಲಿನ ವಿಷಯದಲ್ಲಿ ಮರೆಯುವುದುಂಟು.

ಹೀಗೆ ಹಂಚಿಹೋದ ರೈಲಿಗೆ ಏನು ಬೆಲೆ? ಎಂಜಿನ್ನು ಗಾಜಿನ ಕಪಾಟಿನಲ್ಲಿ ಮೂರ್ತಿಯಾಗಿ ಕುಳಿತುಕೊಳ್ಳುವುದು. ಹಳಿಗಳಿಗೆ ತುಕ್ಕು ಹತ್ತುವುದು. ಡಬ್ಬಿಗಳು ಮಕ್ಕಳ ಕೈಗೆ ಬಂದು ಎರಡು ತಿಂಗಳಲ್ಲಿ ಜಾತ್ರೆಯ ರೈಲಿನ ಗತಿಯನ್ನೇ ಕಾಣುವವು. ಹೊಲವನ್ನು ಮೂರು ಮಾಡಿದರೆ ಮೂರು ಹೊಲಗಳಾದಾವು. ರೈಲನ್ನು ಮೂರು ಮಾಡಿದರೆ ಒಂದು ರೈಲೂ ಉಳಿಯುವುದಿಲ್ಲ. ಮಾರುವವರ ಲೆಕ್ಕವೂ ಇದನ್ನೇ ಹೇಳುತ್ತದೆ. ಸಂಗ್ರಾಹಕರು ಹೆಚ್ಚಿನ ಹಣ ತೆರುವುದು ಎಂಜಿನ್ನು, ಡಬ್ಬಿ, ಹಳಿ, ಮೂಲದ ರಟ್ಟಿನ ಪೆಟ್ಟಿಗೆ ಎಲ್ಲವೂ ಒಟ್ಟಿಗಿದ್ದಾಗ.

ಪೆಟ್ಟಿಗೆಯ ಮಾತು ಬಂದಾಗ ಇನ್ನೊಂದು ತಕರಾರು ಏಳುತ್ತದೆ. ಓಡಿಸದೆ ಇಟ್ಟ ರೈಲಿಗೇ ಪೇಟೆಯಲ್ಲಿ ಬೆಲೆ ಹೆಚ್ಚು. ಅದನ್ನು ಕೇಳಿದ ಯಜಮಾನನು ಟ್ರಂಕಿಗೆ ಬೀಗ ಜಡಿದು, ಮಕ್ಕಳು ಸುಳಿದರೆ ಗದರಿಸತೊಡಗುತ್ತಾನೆ. ಮಾರುವವನಿಗೆ ಈ ಲೆಕ್ಕ ಸರಿಯಾಗಿಯೇ ಇದೆ. ಆದರೆ ಮಾರುವ ಮನಸ್ಸಿಲ್ಲದವನೂ ಮಾರುವವನ ಲೆಕ್ಕವನ್ನೇಕೆ ಹಿಡಿಯಬೇಕು? ಅಜ್ಜನ ಕಾಲದಲ್ಲಿ ಗೀರುಬಿದ್ದ ಬಣ್ಣ ಆ ಮನೆಯ ದಫ್ತರವಿದ್ದಂತೆ. ಓಡದ ರೈಲನ್ನು ಬಲ್ಲ ಮಗು ದೊಡ್ಡದಾದ ಮೇಲೆ ಆ ಟ್ರಂಕನ್ನು ಬೇರೆ ಊರಿಗೆ ಹೊತ್ತುಕೊಂಡು ಹೋಗುವ ಕಷ್ಟಪಡಲಾರದು. ಬೀಗದೊಳಗೆ ಕಾಪಾಡಿದವನೇ ಗುಜರಿಯವನಿಗೆ ದಾರಿ ತೋರಿಸಿದಂತಾಗುವುದು.

ಗದಗಿನವರಿಗೆ ಇದರಲ್ಲಿ ಮತ್ತೊಂದು ಮಾತಿದೆ. ಈ ಸೀಮೆಯ ಹಳಿಗಳು ಮೀಟರ್ ಗೇಜಿನವು. ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರು. ಹುಬ್ಬಳ್ಳಿ–ಗದಗ–ಹೊಸಪೇಟೆಯ ದಾರಿ 1990ರ ದಶಕದಲ್ಲಿ ಅಗಲಹಳಿಗೆ ತಿರುಗಿತು. ಸೊಲ್ಲಾಪುರದ ಕಡೆಯ ದಾರಿಯೂ 2008ರ ಹೊತ್ತಿಗೆ ತಿರುಗಿ ಮುಗಿಯಿತು. ಚಿತ್ತರಂಜನದ ಕಾರ್ಖಾನೆಯಲ್ಲಿ ಮೀಟರ್ ಗೇಜಿನ ಕಡೆಯ ಉಗಿ ಎಂಜಿನ್ನು ತಯಾರಾದದ್ದು 1972ರಲ್ಲಿ. ಈಗಿನ ಹುಡುಗನು ಗದಗ ನಿಲ್ದಾಣದಲ್ಲಿ ಇಡೀ ದಿನ ನಿಂತರೂ ಹಬೆ ಬಿಡುವ ಎಂಜಿನ್ನನ್ನು ಕಾಣಲಾರ. ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯಕ್ಕೆ ಹೋದರೆ ಹಳೆಯ ಸಾಮಾನುಗಳನ್ನು ನೋಡಬಹುದು, ಮುಟ್ಟಿ ಓಡಿಸುವಂತಿಲ್ಲ. 32 ಮಿಲಿಮೀಟರಿನ ಆ ತಗಡಿನ ಹಳಿಯನ್ನು ಒಂದು ಮೀಟರೆಂದು ಬಗೆದರೆ ಲೋಕವೆಲ್ಲ ಸುಮಾರು ಮೂವತ್ತೊಂದು ಪಾಲು ಕಿರಿದಾಗುತ್ತದೆ. ಇಂಗ್ಲೆಂಡಿನ ಅಳತೆಯ ಆಟಿಕೆ ಅದು. ಗದಗಿನ ಪಡಸಾಲೆಯಲ್ಲಿ ಅದು ಮೀಟರ್ ಗೇಜೇ ಆಗಿದ್ದರೆ ಯಾರ ಗಂಟು ಹೋಯಿತು?

ಇನ್ನು ಓಡಿಸುವ ಕ್ರಮ. ಅಟ್ಟದಿಂದ ಇಳಿದ ಎಂಜಿನ್ನಿಗೆ ಒಡನೆಯೇ ಚಾವಿ ತಿರುಗಿಸುವುದು ದೊಡ್ಡ ತಪ್ಪು. ನಾಲ್ವತ್ತು ವರ್ಷದ ಹಿಂದಿನ ಎಣ್ಣೆ ಒಣಗಿ ಅಂಟಾಗಿ, ಹಲ್ಲುಗಾಲಿಗಳ ನಡುವೆ ಬೆಲ್ಲದ ಪಾಕದಂತೆ ಕುಳಿತಿರುತ್ತದೆ. ಅದರ ಮೇಲೆ ಎರೆನೆಲದ ದೂಳು. ಕಪ್ಪತಗುಡ್ಡದ ಕಡೆಯಿಂದ ಬೀಸುವ ಬೇಸಿಗೆಯ ಗಾಳಿ ಕಿಟಕಿಯ ಸಂದಿನಿಂದ ನುಸುಳುವ ಊರುಗಳಿವು. ಹತ್ತಿಯ ಪೇಟೆ, ಬೆಟಗೇರಿಯ ಮಗ್ಗಗಳು ಬೇರೆ. ಗಾಲಿಯ ಅಚ್ಚಿಗೆ ಸುತ್ತಿಕೊಂಡ ನೂಲಿನ ಎಳೆಯನ್ನು ಮೊದಲು ಸೂಜಿಯಿಂದ ಎಳೆದು ತೆಗೆಯಬೇಕು. ಆಮೇಲೆ ಯಂತ್ರದ ಒಳಭಾಗವನ್ನು ಮಾತ್ರ ಚಿಮಣಿ ಎಣ್ಣೆಯಿಂದ ತೊಳೆದು, ಆರಿಸಿ, ಅಚ್ಚಿನ ತುದಿಗಳಿಗೆ ಹೊಲಿಗೆಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಿಂದ ಒಂದೊಂದೇ ತೊಟ್ಟು ಮುಟ್ಟಿಸಬೇಕು. ಹೆಚ್ಚು ಎಣ್ಣೆ ಬಿದ್ದರೆ ದೂಳಿಗೆ ಔತಣ ಕೊಟ್ಟಂತೆ. ಕರಾವಳಿಯ ಮನೆಗಳಲ್ಲಿ ತಗಡನ್ನು ತಿನ್ನುವ ತೇವದ ಕಾಟ ಮಾತ್ರ ಈ ಒಣಸೀಮೆಯಲ್ಲಿ ಕಡಿಮೆ, ಅಷ್ಟು ಪುಣ್ಯ.

ಸ್ಪ್ರಿಂಗು ಮುರಿದಿದ್ದರೆ ಮನೆಯಲ್ಲಿ ಬಿಚ್ಚಬಾರದು. ಬಿಗಿದ ಉಕ್ಕಿನ ಪಟ್ಟಿ ಬಿಟ್ಟುಕೊಂಡರೆ ಕೈಯನ್ನು ಸೀಳೀತು. ಗೋಡೆಗಡಿಯಾರಗಳನ್ನು ರಿಪೇರಿ ಮಾಡುವ ಹಳಬರು ಯಾರಾದರೂ ಉಳಿದಿದ್ದರೆ ಅವರಿಗೆ ಈ ಯಂತ್ರದ ಗುಟ್ಟು ಹೊಸದೇನಲ್ಲ. ಚಾವಿಯನ್ನು ಕೊನೆಯ ಸುತ್ತಿನವರೆಗೆ ಬಿಗಿಯದಿರುವುದು, ಎಂಜಿನ್ನನ್ನು ಕೈಯಲ್ಲಿ ಎತ್ತಿ ಹಿಡಿದು ಗಾಲಿಗಳನ್ನು ಗಾಳಿಯಲ್ಲಿ ಓಡಲು ಬಿಡದಿರುವುದು, ಆಟ ಮುಗಿದ ಮೇಲೆ ಸ್ಪ್ರಿಂಗು ಪೂರ್ಣ ಬಿಚ್ಚಿಕೊಳ್ಳುವವರೆಗೆ ಹಳಿಯ ಮೇಲೆಯೇ ಓಡಿಸಿ ಪೆಟ್ಟಿಗೆಗೆ ಇಡುವುದು. ಇಷ್ಟನ್ನು ಮಕ್ಕಳಿಗೆ ಕಲಿಸಿದರೆ ಯಂತ್ರ ಇನ್ನೊಂದು ತಲೆಮಾರು ಬಾಳೀತು. ನೆಲ ಸಮನಾಗಿರಬೇಕು. ಹಳೆಯ ಪಡಸಾಲೆಯ ಶಹಾಬಾದ ಫರಸಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಫರಸಿಯ ಸಂದು ಬಂದಲ್ಲಿ ಹಳಿಯ ಕೆಳಗೆ ಒಂದು ರಟ್ಟಿನ ಚೂರು ಸೇರಿಸಿದರಾಯಿತು.

ಬಣ್ಣ ಹೊಡೆಯುವ ಉತ್ಸಾಹ ಮಾತ್ರ ಬೇಡ. ಮುದ್ರಣ ಕಾಶಿಯೆಂದು ಹೆಸರಾದ ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ತಗಡಿನ ಡಬ್ಬಿಗಳ ಮೇಲೆ ಕಾಣುವ ಕಿಟಕಿ, ಬಾಗಿಲು, ಅಕ್ಷರಗಳೆಷ್ಟೋ ಕುಂಚದಿಂದ ಬರೆದವಲ್ಲ. ಚಪ್ಪಟೆ ತಗಡಿನ ಮೇಲೆ ಅಚ್ಚು ಹಾಕಿ, ಆಮೇಲೆ ಕತ್ತರಿಸಿ ಮಡಚಿದವು. ಅವುಗಳ ಮೇಲೆ ಅಂಗಡಿಯ ಎನಾಮೆಲ್ ಬಳಿದರೆ ಹಳೆಯ ಕಾಗದಪತ್ರದ ಮೇಲೆ ಸುಣ್ಣ ಬಳಿದಂತೆ. ಚಿಮಣಿ ಎಣ್ಣೆಯನ್ನೂ ಅಚ್ಚಿನ ಮೇಲೆ ತಾಗಿಸಬಾರದು. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಕೆಲವು ರೋಗಗಳಿಗೆ ಮದ್ದಿಲ್ಲ. ಯುದ್ಧಕ್ಕೆ ಮುಂಚಿನ ಎರಕದ ಗಾಲಿಗಳಲ್ಲಿ ಸತುವಿನೊಡನೆ ತುಸು ಸೀಸ ಬೆರೆತುಹೋಗಿದ್ದರೆ, ಲೋಹವು ವರ್ಷಗಳ ಮೇಲೆ ಒಳಗಿನಿಂದಲೇ ಉಬ್ಬಿ, ಕೂದಲೆಳೆಯಂಥ ಬಿರುಕು ಬಿಟ್ಟು, ಕಡೆಗೆ ಹಳಸಿದ ರೊಟ್ಟಿಯಂತೆ ಮುರಿದು ಉದುರುತ್ತದೆ. ಒಳ್ಳೆಯ ಲೇಥ್ ಅಂಗಡಿಯವನಿಂದ ಹಿತ್ತಾಳೆಯ ಗಾಲಿ ತಿರುವಿಸಿಕೊಂಡು ಹಾಕಬಹುದು. ಹಳೆಯ ಚೂರುಗಳನ್ನು ಎಸೆಯದೆ ಚೀಟಿ ಬರೆದು ಜೊತೆಗಿಡಬೇಕು. ವಿದ್ಯುತ್ತಿನಿಂದ ಓಡುವ ರೈಲಾದರೆ ಎಚ್ಚರ ಇಮ್ಮಡಿ ಬೇಕು. ಅಜ್ಜನ ಕಾಲದ ಟ್ರಾನ್ಸ್‌ಫಾರ್ಮರಿನ ತಂತಿಗೆ ಸುತ್ತಿದ ರಬ್ಬರು ಪುಡಿಯಾಗಿರುತ್ತದೆ. ಅದನ್ನು ಮನೆಯ 230 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸಿ ಮಗುವನ್ನು ಪಕ್ಕದಲ್ಲಿ ಕೂಡಿಸುವುದೆಂದರೆ ಹುಡುಗಾಟಿಕೆಯಲ್ಲ. ಆ ಹಳೆಯ ಪೆಟ್ಟಿಗೆಯನ್ನು ನೆನಪಿಗೆಂದು ಇಟ್ಟು, ಓಟಕ್ಕೆ ಹೊಸದನ್ನು ಕೊಳ್ಳುವುದೇ ಕ್ಷೇಮ. ಡಬ್ಲೋ ರೈಲಿಗೆ 12 ವೋಲ್ಟಿನ ಏಕಮುಖ ಪ್ರವಾಹ ಬೇಕು. ಹಳೆಯ ಮಾರ್ಕ್ಲಿನ್ನಿಗೆ ಪರ್ಯಾಯ ಪ್ರವಾಹ. ಮಾರ್ಕ್ಲಿನ್ನಿನದನ್ನು ಡಬ್ಲೋಗೆ ಕೊಟ್ಟರೆ ಎಂಜಿನ್ನು ಓಡುವ ಬದಲು ಕಾದು ಸುಡತೊಡಗುವುದು.

ಶ್ರೀಮಂತಿಕೆಯ ಉದಾಹರಣೆ ಬೇಕಾದವರಿಗೆ ಗ್ವಾಲಿಯರದ ಅರಮನೆಯ ಊಟದ ಮೇಜಿನ ಮೇಲಿನ ಬೆಳ್ಳಿಯ ರೈಲಿದೆ. ಅತಿಥಿಗಳಿಗೆ ಮದ್ಯವನ್ನೂ ಚುಟ್ಟಗಳನ್ನೂ ಹೊತ್ತು ತಿರುಗಲೆಂದೇ ಮಾಡಿಸಿದ್ದು. ನಮ್ಮ ನಡುವಣ ಮನೆತನಗಳಿಗೆ ಹತ್ತಿರವಾದದ್ದು ಪುಣೆಯ ಉದಾಹರಣೆ. ಅಲ್ಲಿಯ ಬಿ. ಎಸ್. ಜೋಶಿಯವರು ಚಿಕ್ಕಂದಿನ ಗೀಳನ್ನು ಬಿಡದೆ ಬೆಳೆಸಿ, 1998ರ ಏಪ್ರಿಲ್ 1ರಂದು ಕಿರುರೈಲುಗಳ ವಸ್ತುಸಂಗ್ರಹಾಲಯವನ್ನು ತೆರೆದರು. ಅವರ ತರುವಾಯ ಮನೆಯವರೇ ಅದನ್ನು ನಡೆಸಿಕೊಂಡು ಬಂದರು. ಅಲ್ಲಿ ರೈಲುಗಳು ಗಾಜಿನ ಹಿಂದೆ ಸುಮ್ಮನೆ ನಿಂತಿಲ್ಲ. ಬಂದವರೆದುರು ಊರು, ಸೇತುವೆ, ಸಿಗ್ನಲುಗಳ ನಡುವೆ ಓಡುತ್ತವೆ. ಎಲ್ಲರಿಗೂ ಅಷ್ಟು ಜಾಗವಾಗಲಿ ಹಣವಾಗಲಿ ಇರಲಾರದು. ಆದರೆ ಒಡೆಯದೆ, ಓಡಿಸುತ್ತ ಉಳಿಸಬಹುದೆಂಬುದಕ್ಕೆ ಅಷ್ಟು ಸಾಕ್ಷಿ ಸಾಕು.

ಆ ಕಲ್ಪನೆಯ ಮನೆಯ ಪಂಚರು ತುಸು ಯೋಚಿಸಿದ್ದರೆ ದಾರಿ ಅವರ ಕಣ್ಣೆದುರಿಗೇ ಇದ್ದಿತು. ಈ ಸೀಮೆಯಲ್ಲಿ ಗುಡಿಯ ಪೂಜೆ ಅಣ್ಣತಮ್ಮಂದಿರಲ್ಲಿ ಬಂದಾಗ ದೇವರನ್ನು ಯಾರೂ ಹಿಸ್ಸೆ ಮಾಡುವುದಿಲ್ಲ, ಪಾಳಿ ಹಾಕುತ್ತಾರೆ. ಒಂದು ವರ್ಷ ಹಿರಿಯವನದು, ಮರುವರ್ಷ ನಡುವಿನವನದು. ಬಾವಿಯ ನೀರಿಗೂ ಪಾಳಿಯುಂಟು. ರೈಲಿಗೇಕಿರಬಾರದು? ಯುಗಾದಿಯಿಂದ ಯುಗಾದಿಗೆ ಒಬ್ಬೊಬ್ಬರ ಮನೆಯಲ್ಲಿ ಇಡೀ ರೈಲು ಇರಲಿ. ಪಾಳಿ ನಾಲ್ಕಿರಲಿ, ಮೂರಲ್ಲ. ನಿಲ್ದಾಣದ ಮಾಸ್ತರಿಕೆಯನ್ನೇ ಮಾಡಿದ ಅಕ್ಕನಿಗೆ ಮೊದಲ ಪಾಳಿ ಕೊಟ್ಟರೂ ಅನ್ಯಾಯವೇನಿಲ್ಲ. ಮಕ್ಕಳ ಸೂಟಿಯಲ್ಲಿ ಯಾರ ಮನೆಯಲ್ಲಿ ರೈಲಿದೆಯೋ ಆ ಮನೆಗೆ ಉಳಿದ ಮೂವರ ಮಕ್ಕಳು ಬರುವರು. ವಾಟಣಿಯಾದ ಮೇಲೆ ವರ್ಷಕ್ಕೊಮ್ಮೆಯಾದರೂ ಕೂಡಲು ನೆವವಿಲ್ಲದ ಮನೆತನಗಳಿಗೆ ಇದು ಸಣ್ಣ ಲಾಭವಲ್ಲ.

ಪಾಳಿ ನಡೆಯಬೇಕಾದರೆ ಟ್ರಂಕಿನಲ್ಲಿ ಒಂದು ವಹಿ ಇರತಕ್ಕದ್ದು. ಬಾಗಿದ ಹಳಿಗಳೆಷ್ಟು, ನೇರ ಹಳಿಗಳೆಷ್ಟು, ಡಬ್ಬಿಗಳೆಷ್ಟು, ಯಾವುದರ ಕೊಂಡಿ ಸಡಿಲವಾಗಿದೆ, ಚಾವಿಗೆ ಎಷ್ಟು ಸುತ್ತು ಸಾಕು, ಎಣ್ಣೆ ಮುಟ್ಟಿಸಿದ ತಾರೀಖು ಯಾವುದು ಎಂಬುದನ್ನು ಕೊಡುವವರೂ ಕೊಳ್ಳುವವರೂ ಎಣಿಸಿ ಬರೆದು ಸಹಿ ಹಾಕಬೇಕು. ಚಾವಿಯನ್ನು ಗಟ್ಟಿ ದಾರದಿಂದ ಎಂಜಿನ್ನಿಗೇ ಕಟ್ಟಿಡಬೇಕು. ಹಳಿಗಳನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಬೇಕು. ಸುದ್ದಿಕಾಗದ ತೇವವನ್ನು ಹಿಡಿಯುತ್ತದೆ. ಗದಗಿನಿಂದ ಮುಂಡರಗಿಗೆ ಹೋಗಬೇಕಾದುದು ಬಸ್ಸಿನಲ್ಲಿಯೇ ಆದುದರಿಂದ ಟ್ರಂಕನ್ನು ಟಪ್ಪಿನ ಮೇಲೆ ಏರಿಸಲು ಕಂಡಕ್ಟರನಿಗೆ ಕೊಡದೆ ಕಾಲ ಬಳಿ ಇಟ್ಟುಕೊಳ್ಳುವುದು, ಎಂಜಿನ್ನಿರುವ ರಟ್ಟಿನ ಪೆಟ್ಟಿಗೆಯನ್ನು ಊರು ಮುಟ್ಟುವವರೆಗೂ ತೊಡೆಯ ಮೇಲಿಂದ ಇಳಿಸದಿರುವುದು ಒಳಿತು.